ಹೊಳೆವ ಪ್ರೋಟೀನಿನ ವಾಹಕಗಳು: ನಕಲು, ಅಂಕಿತ ಮತ್ತು ಕೊಡುಗೆಯ ಇತಿಹಾಸ

೧. ಪೀಠಿಕೆ

ಬಾಯಿಂದ ಬಾಯಿಗೆ ದಾಟುವ ಪಠ್ಯಗಳ ಇತಿಹಾಸವನ್ನು ಅರಿಯಲು ಜಾನಪದ ಅಧ್ಯಯನವು ಮೂರು ಪ್ರಶ್ನೆಗಳನ್ನು ಕೇಳುತ್ತ ಬಂದಿದೆ. ಪಠ್ಯವು ಯಾರಿಂದ ಯಾರಿಗೆ ದಾಟಿತು? ದಾಟುವಾಗ ಏನು ಬದಲಾಯಿತು? ದಾಟಿಸಿದವರ ಹೆಸರು ಉಳಿಯಿತೆ, ಅಳಿಯಿತೆ? ಹಾಡು, ಕಥೆ, ಒಗಟುಗಳಿಗೆ ಕೇಳುವ ಈ ಪ್ರಶ್ನೆಗಳನ್ನು ಆಧುನಿಕ ಜೀವವಿಜ್ಞಾನದ ಒಂದು ಸಾಧನಕ್ಕೂ ಕೇಳಲು ಸಾಧ್ಯವಿದೆ. ಸಸ್ತನಿಗಳ ಜೀವಕೋಶದೊಳಗೆ ಹೊಳೆಯುವ ಗುರುತನ್ನು ಹೊತ್ತ ಪ್ರೋಟೀನನ್ನು ತಯಾರಿಸಲು ಬಳಸುವ ಪ್ಲಾಸ್ಮಿಡ್ ವಾಹಕವೇ ಆ ಸಾಧನ. ಡಿಎನ್‌ಎಯ ಈ ಪುಟ್ಟ ಉಂಗುರವು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ನಕಲಾಗುತ್ತ, ತಿದ್ದುಪಡಿಗೊಳ್ಳುತ್ತ, ಕೈಯಿಂದ ಕೈಗೆ ದಾಟುತ್ತ ಬಂದಿದೆ. ಈ ವಾಹಕಗಳ ಚರಿತ್ರೆಯು ಎಷ್ಟರಮಟ್ಟಿಗೆ ಕೊಡುಗೆಯ ಚರಿತ್ರೆಯಾಗಿದೆ, ಕೊಟ್ಟವರ ಹೆಸರು ಅದರಲ್ಲಿ ಎಲ್ಲಿ ನಿಂತಿದೆ ಎಂಬುದನ್ನು ಬೆಂಗಳೂರಿನ ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೨. ಹೆಸರಿಲ್ಲದೆ ಬಂದ ಉಂಗುರ

ಕಮ್ಮನಹಳ್ಳಿಯು ಬೆಂಗಳೂರು ದಂಡಿನ ಪ್ರದೇಶದ ಈಶಾನ್ಯ ಅಂಚಿನಲ್ಲಿದ್ದ ಹಳ್ಳಿ. ಹೆಣ್ಣೂರು ರಸ್ತೆ ಮತ್ತು ಬಾಣಸವಾಡಿ ರಸ್ತೆಗಳ ನಡುವೆ ಬಡಾವಣೆಗಳು ಎದ್ದ ಮೇಲೆ ಅದು ನಗರದ ಭಾಗವಾಯಿತು. ಈಶಾನ್ಯ ಭಾರತದಿಂದಲೂ ಆಫ್ರಿಕಾದ ದೇಶಗಳಿಂದಲೂ ಬಂದ ವಿದ್ಯಾರ್ಥಿಗಳು ಅಲ್ಲಿ ನೆಲೆಸಿದರು. ಈ ಭಾಗದ ಹಳೆಯ ನೆನಪುಗಳಲ್ಲಿ ಪ್ಲೇಗು ಮುಖ್ಯವಾದುದು. ೧೮೯೮ರ ಆಗಸ್ಟ್ ತಿಂಗಳಲ್ಲಿ ರೈಲುಮಾರ್ಗದ ಮೂಲಕ ಬೆಂಗಳೂರನ್ನು ತಲುಪಿದ ಪ್ಲೇಗು ಪೇಟೆಯನ್ನೂ ದಂಡನ್ನೂ ತಲ್ಲಣಗೊಳಿಸಿತು. ಕಮ್ಮನಹಳ್ಳಿಗೆ ಅನತಿ ದೂರದ ಫ್ರೇಜರ್ ಟೌನ್ ರೂಪುಗೊಂಡದ್ದು ಈ ಪಿಡುಗಿನ ನಂತರ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ದಂಡಿನ ಕಿಕ್ಕಿರಿದ ಕೇರಿಗಳ ಒತ್ತಡವನ್ನು ತಗ್ಗಿಸಿ, ಗಾಳಿ ಬೆಳಕಿರುವ ಮನೆಗಳನ್ನು ಒದಗಿಸುವುದು ಅದರ ಉದ್ದೇಶವಾಗಿತ್ತು. ಜನಸಾಮಾನ್ಯರು ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟರು. ಕಾಣದ ಬೇನೆಗೆ ಹೆಸರಿಟ್ಟು, ಗುಡಿ ಕಟ್ಟಿ, ‘ಪ್ಲೇಗಮ್ಮ’ ಎಂದು ಪೂಜಿಸಿದರು. ಬೆಂಗಳೂರಿನಲ್ಲಿ ಈ ಹೆಸರಿನ ದೇವತೆಯ ಗುಡಿಗಳು ಇಂದಿಗೂ ಇವೆ.

ಪ್ಲೇಗಿನ ಬ್ಯಾಕ್ಟೀರಿಯವನ್ನು ಅಲೆಕ್ಸಾಂಡ್ರ್ ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದು ೧೮೯೪ರಲ್ಲಿ. ಅದರ ಮಾರಕ ಶಕ್ತಿಯ ಬಹುಭಾಗವು ಮುಖ್ಯ ವರ್ಣತಂತುವಿನಲ್ಲಿರದೆ ಮೂರು ಪ್ಲಾಸ್ಮಿಡ್‌ಗಳಲ್ಲಿದೆ ಎಂಬ ಸಂಗತಿ ಸ್ಪಷ್ಟವಾದದ್ದು ಬಹಳ ತಡವಾಗಿ. ಚಿಗಟದ ಹೊಟ್ಟೆಯಲ್ಲಿ ಬದುಕುಳಿಯಲು ನೆರವಾಗುವ ವಂಶವಾಹಿಯೂ ಈ ಮೂರರಲ್ಲಿ ಒಂದರ ಮೇಲಿದೆ. ಪ್ಲೇಗಮ್ಮನಿಗೆ ಹರಕೆ ಹೊತ್ತವರಿಗಾಗಲಿ, ಮನೆಗಳನ್ನು ಖಾಲಿ ಮಾಡಿಸಿದ ಅಧಿಕಾರಿಗಳಿಗಾಗಲಿ ಈ ಉಂಗುರಗಳ ಅರಿವು ಇರುವುದು ಸಾಧ್ಯವಿರಲಿಲ್ಲ. ಕಾಣದ್ದಕ್ಕೆ ಗುರುತು ಕೊಟ್ಟು ಅದರೊಡನೆ ವ್ಯವಹರಿಸುವ ಮಾನವ ಪ್ರವೃತ್ತಿ ಮಾತ್ರ ಅಲ್ಲಿಯೂ ಇತ್ತು, ಮುಂದೆ ಪ್ರಯೋಗಾಲಯದಲ್ಲಿಯೂ ಮುಂದುವರಿಯಿತು.

೩. ಉಂಗುರವು ವಾಹಕವಾದ ಬಗೆ

‘ಪ್ಲಾಸ್ಮಿಡ್’ ಎಂಬ ಪದವನ್ನು ೧೯೫೨ರಲ್ಲಿ ರೂಪಿಸಿದವರು ಅಮೆರಿಕದ ಜೋಷುವ ಲೆಡರ್‌ಬರ್ಗ್. ಮುಖ್ಯ ವರ್ಣತಂತುವಿನ ಹೊರಗಿದ್ದು ತಾನೇ ತಾನಾಗಿ ನಕಲುಗೊಳ್ಳುವ ಅನುವಂಶೀಯ ಘಟಕಗಳಿಗೆ ಅವರು ಈ ಹೆಸರನ್ನು ಕೊಟ್ಟರು. ೧೯೫೦ರ ದಶಕದ ಕೊನೆಯಲ್ಲಿ ಜಪಾನಿನ ಸಂಶೋಧಕರು ಆಮಶಂಕೆಯ ಬ್ಯಾಕ್ಟೀರಿಯಗಳು ಹಲವು ಔಷಧಗಳನ್ನು ಎದುರಿಸುವ ಶಕ್ತಿಯನ್ನು ಒಂದರಿಂದ ಒಂದಕ್ಕೆ ದಾಟಿಸುತ್ತಿರುವುದನ್ನು ಕಂಡರು. ಆ ಶಕ್ತಿಯನ್ನು ಹೊತ್ತು ದಾಟುತ್ತಿದ್ದುದು ಪ್ಲಾಸ್ಮಿಡ್. ತಾಯಿಯಿಂದ ಮಗಳಿಗೆ ಇಳಿಯುವುದರ ಜೊತೆಗೆ ನೆರೆಯವರಿಗೂ ಹರಡುವ ಹಾಡಿನಂತೆ ಇದರ ಸಂಚಾರ ಎರಡು ದಿಕ್ಕಿನದು.

೧೯೭೩ರಲ್ಲಿ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ ಅವರ ತಂಡಗಳು ನಿರ್ಬಂಧಕ ಕಿಣ್ವದಿಂದ ಪ್ಲಾಸ್ಮಿಡ್ಡನ್ನು ಕತ್ತರಿಸಿ, ಬೇರೊಂದು ಡಿಎನ್‌ಎ ತುಣುಕನ್ನು ಸೇರಿಸಿ, ಬ್ಯಾಕ್ಟೀರಿಯದೊಳಗೆ ಬೆಳೆಸಿದವು. ಅಂದಿನಿಂದ ಪ್ಲಾಸ್ಮಿಡ್ ಮನುಷ್ಯನ ಕೈಯಲ್ಲಿ ವಾಹಕವಾಯಿತು. ೧೯೭೭ರಲ್ಲಿ ಬಾಯರ್ ಅವರ ಪ್ರಯೋಗಾಲಯದಲ್ಲಿ ರೂಪುಗೊಂಡ ‘ಪಿಬಿಆರ್೩೨೨’ ಎಂಬ ವಾಹಕವು ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಹಬ್ಬಿತು.

ಈ ಹೆಸರಿನ ರಚನೆ ಗಮನಾರ್ಹ. ಮೊದಲಿನ ‘ಪಿ’ ಎಂದರೆ ಪ್ಲಾಸ್ಮಿಡ್. ‘ಬಿ’ ಮತ್ತು ‘ಆರ್’ ಎಂಬವು ಅದನ್ನು ಕಟ್ಟಿದ ಫ್ರಾನ್ಸಿಸ್ಕೊ ಬೊಲಿವಾರ್ ಮತ್ತು ರೇಮಂಡ್ ರೊಡ್ರಿಗಸ್ ಅವರ ಹೆಸರುಗಳ ಮೊದಲ ಅಕ್ಷರಗಳು. ಕೊನೆಯ ಅಂಕಿ ಅವರ ರಚನೆಗಳ ಸಾಲಿನ ಗುರುತು. ಮುಂದೆ ಬಂದ ‘ಪಿಯುಸಿ’ ವಾಹಕಗಳು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಹೆಸರನ್ನು ಹೊತ್ತವು. ಕನ್ನಡದ ಓದುಗರಿಗೆ ಇದು ಅಂಕಿತವನ್ನು ನೆನಪಿಸದಿರದು. ವಚನಕಾರರೂ ಹರಿದಾಸರೂ ತಮ್ಮ ರಚನೆಯೊಳಗೇ ಇಷ್ಟದೈವದ ಹೆಸರನ್ನಿಟ್ಟು ಅದನ್ನು ತಮ್ಮ ಗುರುತಾಗಿಸಿದರು. ಎಷ್ಟು ಕಂಠಗಳನ್ನು ದಾಟಿದರೂ ಅಂಕಿತದ ಬಲದಿಂದ ಕರ್ತೃವನ್ನು ಹಿಂದಕ್ಕೆ ಹುಡುಕಬಹುದಾಗಿತ್ತು. ಒಂದು ವ್ಯತ್ಯಾಸವಿದೆ: ವಚನದ ಅಂಕಿತ ಪಠ್ಯದ ಒಳಗಿದೆ, ಪ್ಲಾಸ್ಮಿಡ್ಡಿನ ಅಂಕಿತ ಕೊಳವೆಯ ಮೇಲಿನ ಚೀಟಿಯಲ್ಲಿದೆ. ಚೀಟಿ ಕಳಚಿದರೆ ಹೆಸರೂ ಕಳಚುತ್ತದೆ.

೪. ಲೋಳೆಮೀನಿನ ಬೆಳಕು

ಹೊಳೆಯುವ ಗುರುತಿನ ಕಥೆ ಸಮುದ್ರದಲ್ಲಿ ಆರಂಭವಾಗುತ್ತದೆ. ೧೯೬೧ರ ಬೇಸಿಗೆಯಲ್ಲಿ ಜಪಾನ್ ಮೂಲದ ಒಸಾಮು ಶಿಮೊಮುರ ಅಮೆರಿಕದ ಪಶ್ಚಿಮ ತೀರದ ಫ್ರೈಡೇ ಹಾರ್ಬರ್‌ನಲ್ಲಿ ಸುಮಾರು ೧೦,೦೦೦ ಲೋಳೆಮೀನುಗಳನ್ನು ಸಂಗ್ರಹಿಸಿ, ಅವುಗಳ ಬೆಳಕಿನ ಮೂಲವನ್ನು ಶೋಧಿಸಿದರು. ಏಕ್ವೊರಿನ್ ಎಂಬ ಪ್ರೋಟೀನಿನ ಜೊತೆಗೆ ಹಸಿರಾಗಿ ಹೊಳೆಯುವ ಇನ್ನೊಂದು ಪ್ರೋಟೀನೂ ದೊರೆಯಿತು. ೧೯೬೨ರ ಪ್ರಬಂಧದಲ್ಲಿ ಅದರ ಉಲ್ಲೇಖ ಗೌಣವಾಗಿಯೇ ಇದೆ. ಮುಂದೆ ‘ಜಿಎಫ್‌ಪಿ’ ಎಂದು ಪ್ರಸಿದ್ಧವಾದದ್ದು ಇದೇ ಹಸಿರು ಪ್ರತಿದೀಪ್ತ ಪ್ರೋಟೀನು. ೨೩೮ ಅಮೈನೊ ಆಮ್ಲಗಳ ಈ ಸರಪಳಿ ಪೀಪಾಯಿಯಂತೆ ಮಡಚಿಕೊಂಡು, ತನ್ನೊಳಗಿನ ಮೂರು ಘಟಕಗಳಿಂದಲೇ ವರ್ಣಕೇಂದ್ರವನ್ನು ರಚಿಸಿಕೊಳ್ಳುತ್ತದೆ. ಅದಕ್ಕೆ ಆಮ್ಲಜನಕವೊಂದು ಸಾಕು. ನೀಲಿ ಬೆಳಕು ಬಿದ್ದರೆ ಹಸಿರು ಬೆಳಕನ್ನು ಹೊಮ್ಮಿಸುತ್ತದೆ.

ಇದರ ವಂಶವಾಹಿಯನ್ನು ಬೇರ್ಪಡಿಸಿ ೧೯೯೨ರಲ್ಲಿ ಪ್ರಕಟಿಸಿದವರು ಅಮೆರಿಕದ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯ ಡಗ್ಲಸ್ ಪ್ರಾಷರ್. ಅವರ ಸಂಶೋಧನೆಗೆ ಮುಂದೆ ಹಣ ದೊರೆಯಲಿಲ್ಲ. ತಮ್ಮಲ್ಲಿದ್ದ ವಂಶವಾಹಿಯನ್ನು ಅವರು ಕೇಳಿದವರಿಗೆ ಕಳುಹಿಸಿಕೊಟ್ಟರು. ಪಡೆದವರಲ್ಲಿ ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚಿಯೆನ್ ಇದ್ದರು. ಲೋಳೆಮೀನಿನ ಬೇರಾವ ನೆರವೂ ಇಲ್ಲದೆ ಈ ಪ್ರೋಟೀನು ಬ್ಯಾಕ್ಟೀರಿಯದಲ್ಲಿಯೂ ದುಂಡುಹುಳುವಿನಲ್ಲಿಯೂ ಹೊಳೆಯುತ್ತದೆಂದು ಚಾಲ್ಫಿ ೧೯೯೪ರಲ್ಲಿ ತೋರಿಸಿದರು. ಚಿಯೆನ್ ಅದನ್ನು ತಿದ್ದಿ ಹೆಚ್ಚು ಹೊಳೆಯುವ, ಬೇರೆ ಬೇರೆ ಬಣ್ಣದ ಪ್ರಭೇದಗಳನ್ನು ರೂಪಿಸಿದರು. ೨೦೦೮ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಶಿಮೊಮುರ, ಚಾಲ್ಫಿ ಮತ್ತು ಚಿಯೆನ್ ಅವರಿಗೆ ಸಂದಿತು. ಆ ವೇಳೆಗೆ ಪ್ರಾಷರ್ ಅಲಬಾಮ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ ಕಾರು ಮಾರಾಟ ಮಳಿಗೆಯೊಂದರ ಗ್ರಾಹಕರನ್ನು ಕರೆದೊಯ್ಯುವ ವಾಹನದ ಚಾಲಕರಾಗಿದ್ದರು. ಪ್ರಶಸ್ತಿ ಪಡೆದವರು ಅವರ ಋಣವನ್ನು ಬಹಿರಂಗವಾಗಿ ಸ್ಮರಿಸಿದರು, ಸ್ಟಾಕ್‌ಹೋಮಿನ ಸಮಾರಂಭಕ್ಕೆ ಅತಿಥಿಯಾಗಿ ಕರೆಸಿಕೊಂಡರು. ಮುಂದೆ ಕೆಲವು ವರ್ಷ ಅವರು ಚಿಯೆನ್ ಅವರ ಪ್ರಯೋಗಾಲಯದಲ್ಲಿಯೂ ಕೆಲಸ ಮಾಡಿದರು. ಆದರೂ ಪ್ರಶಸ್ತಿಯ ಪಟ್ಟಿಯಲ್ಲಿ ವಂಶವಾಹಿಯನ್ನು ಕೊಟ್ಟವರ ಹೆಸರಿಲ್ಲ.

೫. ಕೌದಿಯಂಥ ರಚನೆ

ಸಸ್ತನಿ ಕೋಶಗಳಿಗಾಗಿ ಕಟ್ಟಿದ ವಾಹಕಗಳಲ್ಲಿ ಬಹುಪ್ರಚಾರ ಪಡೆದದ್ದು ಅಮೆರಿಕದ ಕ್ಲಾನ್‌ಟೆಕ್ ಕಂಪನಿಯ ‘ಪಿಇಜಿಎಫ್‌ಪಿ-ಎನ್೧’. ಸುಮಾರು ೪,೭೦೦ ಅಕ್ಷರಜೋಡಿಗಳ ಈ ಉಂಗುರವನ್ನು ಬಿಡಿಸಿ ನೋಡಿದರೆ ಅದು ಉತ್ತರ ಕರ್ನಾಟಕದ ಕೌದಿಯನ್ನು ಹೋಲುತ್ತದೆ. ಹಲವು ಹಳೆಯ ಬಟ್ಟೆಗಳ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆ ಕೌದಿ. ಇಲ್ಲಿಯೂ ತುಂಡುಗಳ ಮೂಲ ಬೇರೆ ಬೇರೆ. ಹೊಳೆಯುವ ಪ್ರೋಟೀನಿನ ವಂಶವಾಹಿ ಲೋಳೆಮೀನಿನದು. ಕೋಶದೊಳಗೆ ಅದನ್ನು ಓದಲು ಆಜ್ಞೆ ಕೊಡುವ ಪ್ರೇರಕ ಭಾಗ ಮನುಷ್ಯರಲ್ಲಿ ನೆಲೆಸುವ ಸೈಟೊಮೆಗಲೊ ವೈರಸ್ಸಿನದು. ಸಂದೇಶ ಮುಗಿಯಿತೆಂದು ಸೂಚಿಸುವ ಭಾಗ ಮಂಗಗಳ ಎಸ್‌ವಿ೪೦ ವೈರಸ್ಸಿನದು. ಬ್ಯಾಕ್ಟೀರಿಯದೊಳಗೆ ನಕಲುಗಳನ್ನು ಹೆಚ್ಚಿಸುವ ಭಾಗ ‘ಪಿಯುಸಿ’ ವಾಹಕದಿಂದ ಬಂದದ್ದು. ಪ್ರತಿಜೈವಿಕವನ್ನು ಎದುರಿಸುವ ವಂಶವಾಹಿ ಬ್ಯಾಕ್ಟೀರಿಯಗಳಲ್ಲಿ ಜಿಗಿದಾಡುವ ಡಿಎನ್‌ಎ ತುಣುಕೊಂದರಿಂದ ಪಡೆದದ್ದು.

ಈ ಕೊನೆಯ ತುಂಡಿನ ಪಾತ್ರವನ್ನು ವಿಶೇಷವಾಗಿ ಗಮನಿಸಬೇಕು. ಆಸ್ಪತ್ರೆಯಲ್ಲಿ ವೈದ್ಯರನ್ನು ಕಂಗೆಡಿಸುವ ಔಷಧ ನಿರೋಧಕ ಗುಣವೇ ಪ್ರಯೋಗಾಲಯದಲ್ಲಿ ಜರಡಿಯಾಗುತ್ತದೆ. ಕನಮೈಸಿನ್ ಬೆರೆಸಿದ ತಟ್ಟೆಯಲ್ಲಿ ಪ್ಲಾಸ್ಮಿಡ್ಡನ್ನು ಪಡೆದ ಬ್ಯಾಕ್ಟೀರಿಯ ಮಾತ್ರ ಬದುಕುತ್ತದೆ. ಜಿ೪೧೮ ಎಂಬ ಔಷಧದಲ್ಲಿ ಅದನ್ನು ಪಡೆದ ಸಸ್ತನಿ ಕೋಶಗಳು ಮಾತ್ರ ಉಳಿಯುತ್ತವೆ. ಕೇಡು ಹೊತ್ತು ತಿರುಗುತ್ತಿದ್ದ ಉಂಗುರವನ್ನು ಕೆಲಸಕ್ಕೆ ಹಚ್ಚಿದ ಜಾಣ್ಮೆ ಇದು.

ಮೂಲ ವಂಶವಾಹಿ ಹಾಗೆಯೇ ಉಳಿದಿಲ್ಲ. ೬೪ ಮತ್ತು ೬೫ನೆಯ ಸ್ಥಾನಗಳ ಅಮೈನೊ ಆಮ್ಲಗಳನ್ನು ಬದಲಿಸಿದ್ದರಿಂದ ಹೊಳಪು ಹೆಚ್ಚಿತು. ಅದರ ಜೊತೆಗೆ ೧೯೦ಕ್ಕೂ ಹೆಚ್ಚು ಅಕ್ಷರಗಳನ್ನು ಪ್ರೋಟೀನಿನ ಅರ್ಥ ಕೆಡದಂತೆ ತಿದ್ದಲಾಯಿತು. ಒಂದೇ ಅಮೈನೊ ಆಮ್ಲವನ್ನು ಸೂಚಿಸಲು ಹಲವು ಸಂಕೇತಗಳಿದ್ದು, ಮನುಷ್ಯ ಕೋಶಗಳು ರೂಢಿಯಲ್ಲಿ ಹೆಚ್ಚು ಬಳಸುವ ಸಂಕೇತಗಳನ್ನೇ ಆರಿಸಿದ್ದರಿಂದ ಉತ್ಪಾದನೆ ಸುಧಾರಿಸಿತು. ಕರಾವಳಿಯ ಕಥೆಯನ್ನು ಧಾರವಾಡದ ಮಾತಿನಲ್ಲಿ ಹೇಳಿದಂತೆ, ಕಥೆ ಅದೇ, ನುಡಿಗಟ್ಟು ಕೇಳುವವರದು. ಗ್ರಂಥಸಂಪಾದನೆಯಲ್ಲಿ ಲಿಪಿಕಾರನ ತಪ್ಪಿನಿಂದ ಹುಟ್ಟಿದ ಪಾಠವನ್ನು ಕಳೆದು ಮೂಲವನ್ನು ಹುಡುಕುತ್ತಾರೆ. ಜಾನಪದದಲ್ಲಿ ಪ್ರತಿ ಪಾಠಕ್ಕೂ ಅದರದೇ ಬೆಲೆಯಿದೆ. ವಾಹಕಗಳಲ್ಲಿ ಎರಡೂ ನಡೆಯುತ್ತವೆ. ನಕಲಿನಲ್ಲಿ ನುಸುಳಿದ ದೋಷವನ್ನು ಅನುಕ್ರಮ ಓದಿ ತೆಗೆದುಹಾಕುತ್ತಾರೆ, ಉದ್ದೇಶಪೂರ್ವಕ ಪಾಠಾಂತರವನ್ನು ಹೊಸ ಹೆಸರಿಟ್ಟು ಉಳಿಸಿಕೊಳ್ಳುತ್ತಾರೆ.

ಅಧ್ಯಯನ ಮಾಡಬೇಕಾದ ಪ್ರೋಟೀನಿನ ವಂಶವಾಹಿಯನ್ನು ಹಸಿರು ಪ್ರೋಟೀನಿನ ವಂಶವಾಹಿಗೆ ಜೋಡಿಸುವಾಗ ಓದಿನ ಲಯ ತಪ್ಪಬಾರದು. ಡಿಎನ್‌ಎ ಮೂರು ಮೂರು ಅಕ್ಷರಗಳ ಗಣಗಳಾಗಿ ಓದಲ್ಪಡುತ್ತದೆ. ಒಂದು ಅಕ್ಷರ ಹೆಚ್ಚು ಕಡಿಮೆಯಾದರೆ ಮುಂದಿನ ಓದೆಲ್ಲ ಕೆಡುತ್ತದೆ. ಹಾಗಾಗಿಯೇ ಎನ್೧, ಎನ್೨, ಎನ್೩ ಎಂದು ಮೂರು ಲಯಗಳ ವಾಹಕಗಳನ್ನು ರೂಪಿಸಲಾಯಿತು. ‘ಎನ್’ ಬಗೆಯಲ್ಲಿ ಅಧ್ಯಯನದ ಪ್ರೋಟೀನು ಹಸಿರು ಗುರುತಿನ ಮುಂದೆ ಬರುತ್ತದೆ, ‘ಸಿ’ ಬಗೆಯಲ್ಲಿ ಹಿಂದೆ ಬರುತ್ತದೆ.

೬. ಬೆಂಗಳೂರಿನ ನಿದರ್ಶನ

ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ೧೯೬೨ರಲ್ಲಿ ಅಣುಜೀವವಿಜ್ಞಾನ ವಿಭಾಗವನ್ನು ಆರಂಭಿಸಿದ ಒಬೈದ್ ಸಿದ್ದಿಕಿ ಅವರು ೧೯೯೦ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸ್ಥಾಪಕ ನಿರ್ದೇಶಕರಾದರು. ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದ್ದ ಕೇಂದ್ರವು ಅನಂತರ ಹೆಬ್ಬಾಳದಾಚೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣಕ್ಕೆ ಸ್ಥಳಾಂತರಗೊಂಡಿತು. ಇಲ್ಲಿ ಸತ್ಯಜಿತ್ ಮೇಯರ್ ಅವರ ತಂಡ ಕೋಶಪೊರೆಯ ರಚನೆಯನ್ನು ಕುರಿತು ನಡೆಸಿದ ಸಂಶೋಧನೆಯು ಹೊಳೆಯುವ ಗುರುತಿನ ಬಳಕೆಗೆ ಉತ್ತಮ ನಿದರ್ಶನ.

ಕೋಶಪೊರೆಯ ಮೇಲಿನ ಕೆಲವು ಪ್ರೋಟೀನುಗಳು ‘ಜಿಪಿಐ’ ಎಂಬ ಕೊಬ್ಬಿನಂಶದ ಲಂಗರಿನ ಮೂಲಕ ಪೊರೆಗೆ ಅಂಟಿಕೊಂಡಿರುತ್ತವೆ. ಇವು ಚದುರಿರುತ್ತವೆಯೆ, ಗುಂಪುಗೂಡಿರುತ್ತವೆಯೆ ಎಂಬುದು ವಿವಾದದ ವಿಷಯವಾಗಿತ್ತು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ನಿಲುಕದಷ್ಟು ಚಿಕ್ಕ ಅಂತರ ಅದು. ೧೯೯೮ರಲ್ಲಿ ರಜತ್ ವರ್ಮ ಮತ್ತು ಮೇಯರ್ ಅವರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಇದಕ್ಕೆ ಬೆಳಕಿನ ಧ್ರುವೀಕರಣವನ್ನು ಬಳಸಿತು. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಹಾಯಿಸಿದಾಗ, ಹೊಳೆಯುವ ಅಣು ಒಂಟಿಯಾಗಿದ್ದರೆ ಆ ದಿಕ್ಕು ಬಹುಮಟ್ಟಿಗೆ ಉಳಿಯುತ್ತದೆ. ಪಕ್ಕದಲ್ಲೇ ಇನ್ನೊಂದಿದ್ದರೆ ಶಕ್ತಿ ಅದಕ್ಕೆ ಹಾರಿ ದಿಕ್ಕು ಕಲಸಿಹೋಗುತ್ತದೆ. ಕಲಸಿದ ಪ್ರಮಾಣದಿಂದ ನೆರೆಹೊರೆಯನ್ನು ಅಳೆಯಬಹುದು.

೨೦೦೪ರಲ್ಲಿ ಇದೇ ತಂಡ, ಅಂದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಭೌತವಿಜ್ಞಾನಿ ಮದನ್ ರಾವ್ ಅವರೊಡನೆ ‘ಸೆಲ್’ ಪತ್ರಿಕೆಯಲ್ಲಿ ವಿಸ್ತೃತ ಅಧ್ಯಯನವನ್ನು ಪ್ರಕಟಿಸಿತು. ಹಸಿರು ಪ್ರೋಟೀನಿಗೇ ಜಿಪಿಐ ಲಂಗರನ್ನು ಜೋಡಿಸಿದ ರಚನೆಯೂ ಅದರಲ್ಲಿ ಬಳಕೆಯಾಯಿತು. ಪ್ರಯೋಗಕ್ಕೆ ಒದಗಿದ್ದು ಹ್ಯಾಮ್‌ಸ್ಟರ್ ಎಂಬ ದಂಶಕದ ಅಂಡಾಶಯದಿಂದ ೧೯೫೭ರಲ್ಲಿ ಥಿಯೊಡೋರ್ ಪಕ್ ಬೆಳೆಸಿದ ಕೋಶವಂಶ. ಶೇಕಡಾ ೨೦ರಿಂದ ೪೦ರಷ್ಟು ಅಣುಗಳು ಐದು ನ್ಯಾನೊಮೀಟರಿಗೂ ಕಿರಿದಾದ ಗುಂಪುಗಳಲ್ಲಿವೆ, ಒಂದೊಂದು ಗುಂಪಿನಲ್ಲಿ ಹೆಚ್ಚೆಂದರೆ ನಾಲ್ಕು ಅಣುಗಳಿವೆ, ಉಳಿದವು ಒಂಟಿಯಾಗಿವೆ ಎಂಬ ನಿರ್ಣಯಕ್ಕೆ ಅದು ಬಂದಿತು.

ಇಲ್ಲಿ ಒಂದು ವಿಧಾನದ ಪ್ರಶ್ನೆ ಏಳುತ್ತದೆ. ಜಿಎಫ್‌ಪಿ ಅಣುಗಳಿಗೆ ತಮ್ಮೊಳಗೇ ಜೋಡಿಗೂಡುವ ದುರ್ಬಲ ಒಲವಿದೆ. ಗುಂಪನ್ನು ಹುಡುಕಲು ಕಟ್ಟಿದ ಗುರುತೇ ಗುಂಪನ್ನು ಹುಟ್ಟಿಸಿದರೆ? ೨೦೬ನೆಯ ಸ್ಥಾನದ ಅಲನಿನ್ನಿನ ಬದಲು ಲೈಸಿನ್ ಇರಿಸಿದರೆ ಈ ಒಲವು ತಗ್ಗುತ್ತದೆಂದು ೨೦೦೨ರಲ್ಲಿ ಚಿಯೆನ್ ಅವರ ತಂಡ ತೋರಿಸಿತ್ತು. ಬೆಂಗಳೂರಿನ ೧೯೯೮ರ ಪ್ರಯೋಗದಲ್ಲಾದರೋ ಗುರುತಾಗಿದ್ದುದು ಜಿಎಫ್‌ಪಿ ಆಗಿರದೆ, ಫೋಲಿಕ್ ಆಮ್ಲವನ್ನು ಹೋಲುವ ಹೊಳೆಯುವ ಸಂಯುಕ್ತ. ಬೇರೆ ಬೇರೆ ಗುರುತುಗಳು ಒಂದೇ ದಿಕ್ಕನ್ನು ತೋರಿದಾಗ ನಿರ್ಣಯಕ್ಕೆ ಬಲ ಬರುತ್ತದೆ. ಕ್ಷೇತ್ರಕಾರ್ಯ ಬಲ್ಲವರಿಗೆ ಈ ಸಂದಿಗ್ಧ ಹೊಸದಲ್ಲ. ಧ್ವನಿಮುದ್ರಣ ಯಂತ್ರವನ್ನು ಎದುರಿಗಿಟ್ಟರೆ ಹಾಡುವವಳ ಹಾಡು ಬದಲಾಗುತ್ತದೆ. ಬೀಸುವಾಗಿನ ಹಾಡು ಬೀಸುಕಲ್ಲಿಲ್ಲದೆ ಮೊಟಕಾಗುತ್ತದೆ. ದಾಖಲೆಯನ್ನು ಇನ್ನೊಂದು ಸಂದರ್ಭದ ದಾಖಲೆಯೊಡನೆ ತಾಳೆ ನೋಡುವುದೇ ಎರಡೂ ಶಾಸ್ತ್ರಗಳು ಕಂಡುಕೊಂಡ ದಾರಿ.

೭. ಹೆಪ್ಪು ಮತ್ತು ಕಟ್ಟುಪಾಡು

ಈ ವಾಹಕಗಳು ದಾಟುವ ಬಗೆ ಸರಳವಾದುದು. ಪ್ಲಾಸ್ಮಿಡ್ ದ್ರಾವಣದ ಒಂದು ಹನಿಯನ್ನು ಸೋಸುಕಾಗದದ ಮೇಲೆ ಒಣಗಿಸಿ, ಸುತ್ತಲೂ ಪೆನ್ಸಿಲಿನಿಂದ ಗೆರೆಯೆಳೆದು, ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ಪದ್ಧತಿ ಪ್ರಯೋಗಾಲಯಗಳಲ್ಲಿ ದೀರ್ಘಕಾಲ ರೂಢಿಯಲ್ಲಿತ್ತು. ಪಡೆದವರು ಕಾಗದವನ್ನು ಕತ್ತರಿಸಿ ನೆನೆಸಿ, ಬ್ಯಾಕ್ಟೀರಿಯಕ್ಕೆ ಸೇರಿಸುತ್ತಾರೆ. ಅನುಕೂಲ ಪರಿಸರದಲ್ಲಿ ಸುಮಾರು ೨೦ ನಿಮಿಷಕ್ಕೊಮ್ಮೆ ಇಮ್ಮಡಿಸುವ ಬ್ಯಾಕ್ಟೀರಿಯದ ಒಂದೊಂದು ಕೋಶದಲ್ಲಿಯೂ ‘ಪಿಯುಸಿ’ ಬಗೆಯ ಪ್ಲಾಸ್ಮಿಡ್ಡಿನ ನೂರಾರು ನಕಲುಗಳಾಗುತ್ತವೆ. ಮರುದಿನ ಬೆಳಿಗ್ಗೆ ಪಡೆದವರ ಬಳಿ ಕೊಟ್ಟವರಲ್ಲಿದ್ದಷ್ಟೇ ಸಂಪತ್ತಿರುತ್ತದೆ.

ಕನ್ನಡ ನಾಡಿನ ಮನೆಗಳಲ್ಲಿ ಹೆಪ್ಪಿನ ವ್ಯವಹಾರ ಇಂಥದೇ. ನೆರೆಮನೆಯಿಂದ ತಂದ ಒಂದು ಚಮಚ ಮೊಸರು ರಾತ್ರಿ ಕಳೆಯುವುದರೊಳಗೆ ಗಡಿಗೆ ತುಂಬುತ್ತದೆ. ಕೊಟ್ಟ ಮನೆಯ ಮೊಸರು ಅದರಿಂದ ಬರಿದಾಗುವುದಿಲ್ಲ. ಹಾಗೆಂದು ಈ ಕೊಡುಕೊಳೆಗೆ ಕಟ್ಟುಪಾಡು ಇಲ್ಲದಿಲ್ಲ. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪುಗಳನ್ನು ಹೊರಗೆ ಕೊಡಬಾರದೆಂಬ ನಂಬಿಕೆ ವ್ಯಾಪಕವಾಗಿದೆ. ವಿಜ್ಞಾನಲೋಕದ ಕಟ್ಟುಪಾಡು ಕಾಗದದ ಮೇಲಿದೆ. ಕೋಹೆನ್–ಬಾಯರ್ ವಿಧಾನಕ್ಕೆ ೧೯೮೦ರಲ್ಲಿ ಪೇಟೆಂಟ್ ದೊರೆಯಿತು, ೧೯೯೭ರಲ್ಲಿ ಅದರ ಅವಧಿ ಮುಗಿಯಿತು. ವಸ್ತು ಹಸ್ತಾಂತರ ಒಪ್ಪಂದಗಳು ಪಡೆದವರು ಏನು ಮಾಡಬಹುದು, ಯಾರಿಗೆ ಕೊಡಬಾರದು ಎಂಬುದನ್ನು ವಿಧಿಸಿದವು. ೨೦೦೪ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಲಾಭರಹಿತ ಸಂಸ್ಥೆ ‘ಆಡ್‌ಜೀನ್’ ವಿಜ್ಞಾನಿಗಳಿಂದ ಪ್ಲಾಸ್ಮಿಡ್‌ಗಳನ್ನು ಪಡೆದು, ಕಾಪಿಟ್ಟು, ಕೇಳಿದ ಸಂಶೋಧಕರಿಗೆ ಹಂಚತೊಡಗಿತು. ಅದರ ಪಟ್ಟಿಯಲ್ಲಿ ಪ್ರತಿ ಪ್ಲಾಸ್ಮಿಡ್ಡಿನ ಜೊತೆಗೂ ಅದನ್ನು ಕೊಟ್ಟ ಪ್ರಯೋಗಾಲಯದ ಮುಖ್ಯಸ್ಥರ ಹೆಸರಿದೆ. ಕಳಚುವ ಚೀಟಿಯನ್ನು ಮತ್ತೆ ಅಂಟಿಸುವ ಪ್ರಯತ್ನವೆಂದು ಇದನ್ನು ಕರೆಯಬಹುದು. ಆದರೆ ಮುಖ್ಯಸ್ಥರ ಹೆಸರಿನ ಹಿಂದೆ ರಾತ್ರಿಯೆಲ್ಲ ಕುಳಿತು ಆ ರಚನೆಯನ್ನು ಕಟ್ಟಿದ ವಿದ್ಯಾರ್ಥಿಯ ಹೆಸರು ಮರೆಯಾಗುವುದೂ ಉಂಟು.

ಕೊಟ್ಟವರಿಗೇ ತಿಳಿಯದಂತೆ ಪಡೆದ ಕೊಡುಗೆಯೂ ಈ ಚರಿತ್ರೆಯಲ್ಲಿದೆ. ಇಂಥ ವಾಹಕಗಳನ್ನು ಸೇರಿಸಲು ಜಗತ್ತಿನಾದ್ಯಂತ ಬಳಸುವ ‘ಹೀಲಾ’ ಕೋಶಗಳು ೧೯೫೧ರಲ್ಲಿ ಹೆನ್ರಿಯೆಟ ಲ್ಯಾಕ್ಸ್ ಎಂಬ ಆಫ್ರಿಕನ್ ಅಮೆರಿಕನ್ ಮಹಿಳೆಯ ಗಂಟಿನಿಂದ, ಆಕೆಯ ಅನುಮತಿಯಿಲ್ಲದೆ ತೆಗೆದವು. ಹೆಸರು ಮತ್ತು ಉಪನಾಮಗಳ ಮೊದಲ ಅಕ್ಷರಗಳೇ ಕೋಶದ ಹೆಸರಾದವು. ಅದು ಆಕೆ ಇಟ್ಟುಕೊಂಡ ಅಂಕಿತವಲ್ಲ. ಕುಟುಂಬಕ್ಕೆ ಸಂಗತಿ ತಿಳಿದದ್ದು ೧೯೭೦ರ ದಶಕದಲ್ಲಿ. ಈ ಕೋಶಗಳಿಂದ ಲಾಭ ಪಡೆದ ಕಂಪನಿಯೊಂದು ಆಕೆಯ ವಾರಸುದಾರರೊಡನೆ ರಾಜಿ ಮಾಡಿಕೊಂಡದ್ದು ೨೦೨೩ರಲ್ಲಿ.

೮. ಸಮಾರೋಪ

ಹಲಸಂಗಿ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಪ್ರಕಟಿಸಿದಾಗ ಕನ್ನಡ ಜಾನಪದಕ್ಕೆ ದೊಡ್ಡ ಉಪಕಾರವಾಯಿತು. ಸಂಪಾದಕರ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ಗೌರವದಿಂದ ಉಳಿದಿದೆ. ಹಾಡುಗಳನ್ನು ತಲೆಮಾರುಗಳ ಕಾಲ ಕಾಪಾಡಿ, ಕೇಳಿದವರಿಗೆ ಹಾಡಿಕೊಟ್ಟ ಹೆಣ್ಣುಮಕ್ಕಳು ‘ಗರತಿ’ ಎಂಬ ಸಾಮಾನ್ಯ ನಾಮದಲ್ಲಿ ಒಂದಾಗಿ ಹೋದರು. ಅಂದಿನ ಸಂಗ್ರಹಕಾರ್ಯದ ರೀತಿಯೇ ಹಾಗಿತ್ತು. ಮುಂದಿನ ತಲೆಮಾರಿನ ಜಾನಪದ ವಿದ್ವಾಂಸರು ವಕ್ತೃವಿನ ಹೆಸರು, ಊರು, ವಯಸ್ಸು, ಹಾಡು ಕಲಿತ ಮೂಲ ಇವನ್ನೆಲ್ಲ ದಾಖಲಿಸುವುದನ್ನು ಶಿಸ್ತಾಗಿ ರೂಢಿಸಿದರು. ಡಗ್ಲಸ್ ಪ್ರಾಷರ್ ಅವರ ನಿದರ್ಶನವನ್ನು ಈ ಹಿನ್ನೆಲೆಯಲ್ಲಿ ನೋಡಿದಾಗ, ಸಂಗ್ರಹಿಸಿದವರ ಹೆಸರು ನಿಂತು ಕೊಟ್ಟವರ ಹೆಸರು ಹಿಂದೆ ಸರಿಯುವ ಪರಿ ಹಾಡಿಗೂ ವಂಶವಾಹಿಗೂ ಸಮಾನವಾಗಿರುವುದು ಕಾಣುತ್ತದೆ.

ಪ್ಲಾಸ್ಮಿಡ್ ವಾಹಕದ ಬಲವಿರುವುದು ಅದು ಎಣೆಯಿಲ್ಲದೆ ನಕಲಾಗುವುದರಲ್ಲಿ. ಕೊಟ್ಟವರ ಹೆಸರು ಅಳಿಸಿಹೋಗುವ ಅಪಾಯವಿರುವುದೂ ಅದರಲ್ಲಿಯೇ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ೨೦೧೯ರಲ್ಲಿ ತೆರೆದ ಪತ್ರಾಗಾರವು ವಿಜ್ಞಾನಿಗಳ ಕಾಗದಪತ್ರಗಳನ್ನೂ ಮೌಖಿಕ ಚರಿತ್ರೆಗಳನ್ನೂ ಸಂಗ್ರಹಿಸುತ್ತಿರುವುದು ಸ್ವಾಗತಾರ್ಹ. ಜಾನಪದ ಅಧ್ಯಯನವು ಆರು ದಶಕಗಳಿಗೂ ಮಿಕ್ಕಿ ಬೆಳೆಸಿಕೊಂಡ ಕ್ಷೇತ್ರಕಾರ್ಯದ ಶಿಸ್ತು ಇಂಥ ಕಾರ್ಯಕ್ಕೆ ನೆರವಾಗಬಲ್ಲದು. ಕೊಳವೆಗಳನ್ನು ತೊಳೆದವರು, ತಟ್ಟೆಗಳನ್ನು ಹೊಯ್ದವರು, ವಾಹಕಗಳನ್ನು ಕಟ್ಟಿ ಪದವಿ ಪಡೆದು ಊರು ಬಿಟ್ಟು ಹೋದ ವಿದ್ಯಾರ್ಥಿಗಳು ಇವರೆಲ್ಲರ ಮಾತು ಕನ್ನ‌ಡದಲ್ಲಿಯೂ ದಾಖಲಾಗಬೇಕು. ಪ್ರಯೋಗಾಲಯಗಳ ಪ್ಲಾಸ್ಮಿಡ್ ದಾಖಲೆಪುಸ್ತಕದಲ್ಲಿ ಹೆಸರು, ಗಾತ್ರ, ಔಷಧ ನಿರೋಧ ಎಂಬ ಅಂಕಣಗಳ ಜೊತೆಗೆ ‘ಕೊಟ್ಟವರು’ ಎಂಬ ಅಂಕಣವೂ ಇರುವುದುಂಟು. ತರಾತುರಿಯಲ್ಲಿ ಖಾಲಿ ಬಿಡುವ ಆ ಅಂಕಣವನ್ನು ತುಂಬಿಡುವುದು ಮುಂದಿನ ಚರಿತ್ರಕಾರರಿಗೆ ಇಂದಿನವರು ಮಾಡಬಹುದಾದ ಅತ್ಯಂತ ಸರಳವಾದ ಉಪಕಾರ.